ಅಂಗಳದ ಲೈಟಿಗೆ ಟೈಮರ್, ಸೆನ್ಸರ್: ರಾಯಚೂರಿನಲ್ಲಿ ಮೂರು ವರ್ಷ ಬಳಸಿದ ಮೇಲೆ

ನಮ್ಮ ಮನೆ ಹೊರಗೆ ಮೂರು ಲೈಟು. ಗೇಟಿಗೆ ಒಂದು, ತಲಬಾಗಿಲಿಗೆ ಒಂದು, ಮಾಳಿಗೆ ಮೆಟ್ಟಿಲಿಗೆ ಒಂದು. ಸಂಜೆ ಹಚ್ಚುವುದನ್ನು ಯಾರೂ ಮರೆಯುತ್ತಿರಲಿಲ್ಲ. ಬೆಳಿಗ್ಗೆ ಆರಿಸುವುದನ್ನು ಮಾತ್ರ ಎಲ್ಲರೂ ಮರೆಯುತ್ತಿದ್ದೆವು. "ನಿಮ್ಮ ಮನಿ ಲೈಟ್ ಇನ್ನಾ ಉರಿಲಿಕತ್ತದ ನೋಡ್ರಿ" ಅಂತ ಎದುರು ಮನೆ ಅಕ್ಕಾರು ದಿನಾ ಕೂಗಬೇಕಿತ್ತು.

ಮೊದಲು ತಂದದ್ದು ಚಕ್ರ ತಿರುಗುವ ಟೈಮರ್. ಸುತ್ತಲೂ 96 ಕಡ್ಡಿ, ಒಂದೊಂದಕ್ಕೆ 15 ನಿಮಿಷ. ನೋಡಲು ಚೆಂದ. ಆದರೆ ಆ ಚಕ್ರ ತಿರುಗುವುದೂ ಕರೆಂಟಿನಿಂದಲೇ. 40 ನಿಮಿಷ ಕರೆಂಟು ಹೋದರೆ ಟೈಮರ್ 40 ನಿಮಿಷ ಹಿಂದೆ ಬೀಳುತ್ತದೆ. ಪಕ್ಕದ ಶಕ್ತಿನಗರದಲ್ಲೇ ಕರೆಂಟು ತಯಾರಾಗುತ್ತದೆ, ಆದರೂ ನಮ್ಮ ಓಣಿಯಲ್ಲಿ ಹೋಗುವುದು ತಪ್ಪುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಗೇಟಿನ ಲೈಟು ಎಂಟಕ್ಕೆ ಹತ್ತುತ್ತಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಈ ಕಾಟ ಇಲ್ಲ. ಆದರೆ ನವೆಂಬರ್‌ನಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ, ಜೂನ್‌ನಲ್ಲಿ ಏಳರ ಹತ್ತಿರ. ಈ ಎರಡರಲ್ಲಿ ಯಾವ ಟೈಮರ್ ಆದರೂ ವರ್ಷಕ್ಕೆ ನಾಲ್ಕು ಸಲ ಸರಿ ಮಾಡುತ್ತಿರಬೇಕು.

ಆಮೇಲೆ ಗೇಟಿಗೂ ತಲಬಾಗಿಲಿಗೂ ಬೆಳಕು ನೋಡಿ ಕೆಲಸ ಮಾಡುವ ಸೆನ್ಸರ್ ಹಾಕಿಸಿದೆ. ಕತ್ತಲಾದರೆ ಲೈಟು ಹತ್ತುತ್ತದೆ, ಬೆಳಕಾದರೆ ಆರುತ್ತದೆ, ಅಷ್ಟೇ. ಮೊದಲ ಸಂಜೆ ಚಹಾ ಹಿಡಿದು ಕಟ್ಟೆ ಮೇಲೆ ಕೂತು ನೋಡಿದೆ. ಗೇಟಿನ ಲೈಟು ಹತ್ತಿತು. ಸ್ವಲ್ಪ ಹೊತ್ತಿಗೆ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಸೆನ್ಸರ್ ಲೈಟಿನ ಕೆಳಗೇ ಇತ್ತು, ಅದರ ಬೆಳಕನ್ನೇ ಹಗಲು ಅಂದುಕೊಳ್ಳುತ್ತಿತ್ತು! ಕಂಬದ ಹಿಂದಕ್ಕೆ ತಿರುಗಿಸಿದ ಮೇಲೆ ಸರಿಹೋಯಿತು. ಮುಂದಿನ ವರ್ಷ ಓಣಿಗೆ ಹೊಸ ಬೀದಿ ದೀಪ ಬಂದಾಗ ಇನ್ನೊಂದು ಸಲ ತಿರುಗಿಸಬೇಕಾಯಿತು. ಅದು ಬಿಟ್ಟರೆ ಮೂರು ವರ್ಷದಲ್ಲಿ ಒಂದೇ ಕೆಲಸ: ಧೂಳು ಒರೆಸುವುದು. ಮೇಲೆ ಧೂಳು ಕೂತರೆ ಅದಕ್ಕೆ ಬೇಗ ಕತ್ತಲಾಗುತ್ತದೆ, ಬೆಳಿಗ್ಗೆ ಲೈಟು ತಡವಾಗಿ ಆರುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆ ಸಾಕು.

ಮೆಟ್ಟಿಲಿಗೆ ಹಾಕಿದ್ದು ಮನುಷ್ಯರು ಬಂದರೆ ಹತ್ತುವ ಸೆನ್ಸರ್. ಇದರ ಕಥೆ ಬೇರೆ. ಡಿಸೆಂಬರ್‌ನಲ್ಲಿ ದೂರದಲ್ಲಿ ನಾಯಿ ಹೋದರೂ ಹತ್ತುತ್ತದೆ. ಮೇ ತಿಂಗಳಲ್ಲಿ ಎದುರಿಗೇ ನಿಂತು ಕೈ ಬೀಸಿದರೂ ಸುಮ್ನೆ ಇರುತ್ತದೆ. ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಅದು ಕೆಟ್ಟಿರಲಿಲ್ಲ. ಈ ಸೆನ್ಸರ್ ಗುರುತಿಸುವುದು ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು. ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಗೋಡೆ ಮುಟ್ಟಿದರೆ ಕಾವು. ನಮ್ಮ ಮೈಗೂ ಗೋಡೆಗೂ ವ್ಯತ್ಯಾಸವೇ ಇಲ್ಲದಿದ್ದರೆ ಅದು ತಾನೇ ಏನು ನೋಡೀತು? ಮಾಳಿಗೆ ಮೇಲೆ ಮಲಗಿ, ನಡುರಾತ್ರಿ ನೀರು ಕುಡಿಯಲು ಕತ್ತಲಲ್ಲಿ ಇಳಿಯುವವರಿಗೆ ಇದರ ಮೇಲಿನ ಸಿಟ್ಟು ಗೊತ್ತು. ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಸೀದಾ ಅದರ ಕಡೆ ನಡೆದು ಬಂದರೆ ಅದು ಸರಿಯಾಗಿ ಗುರುತಿಸುವುದಿಲ್ಲ, ಅಡ್ಡ ಹಾದುಹೋದರೆ ಥಟ್ಟನೆ ಗುರುತಿಸುತ್ತದೆ. ಪಕ್ಕದ ಗೋಡೆಗೆ ಬದಲಿಸಿದ ಮೇಲೆ ಮೇ ತಿಂಗಳಲ್ಲೂ ನಾಲ್ಕು ಹೆಜ್ಜೆ ದೂರದಿಂದ ಹತ್ತುತ್ತಿದೆ. ಆದರೂ ಮೆಟ್ಟಿಲ ಬಳಿ ಮಾಮೂಲಿ ಸ್ವಿಚ್ ಇಟ್ಟುಕೊಂಡಿದ್ದೇನೆ.

ವೈರಿಂಗ್ ಮಾಡುವಾಗ ಎದುರಿಗೇ ನಿಂತುಕೊಳ್ಳಿ. ನಮ್ಮ ಎಲೆಕ್ಟ್ರಿಷಿಯನ್ ಫೇಸ್ (ಕರೆಂಟು ಬರುವ ವೈರ್) ಬಿಟ್ಟು ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರ್) ಸೆನ್ಸರ್ ಕೊಟ್ಟಿದ್ದ. ಹಾಗಾಗಿ ಲೈಟು ಆರಿದರೂ ಬಲ್ಬಿನವರೆಗೆ ಕರೆಂಟು ಇರುತ್ತಿತ್ತು. ಆರಿಸಿದ ಮೇಲೂ ಎಲ್‌ಇಡಿ ಮಿಣಮಿಣ ಅನ್ನುತ್ತಿತ್ತು. ಅದಕ್ಕಿಂತ ಜಾಸ್ತಿ, ಬಲ್ಬ್ ಬದಲಿಸುವವರಿಗೆ ಶಾಕ್ ಹೊಡೆಯುವ ಭಯ.

ಬಿಲ್ ಉಳಿಯುತ್ತದೆ ಅಂತ ಇದನ್ನು ತರಬೇಡಿ. 9 ವ್ಯಾಟಿನ ಬಲ್ಬ್ ದಿನಾ 12 ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ಆದರೆ ಮಂತ್ರಾಲಯಕ್ಕೆ ಹೋಗಿ ರಾತ್ರಿ ಹತ್ತಕ್ಕೆ ವಾಪಸ್ ಬಂದಾಗ ಗೇಟಿನ ಬೀಗಕ್ಕೆ ಬೆಳಕಿರುತ್ತದಲ್ಲ, ಅದಕ್ಕೆ ಕೊಟ್ಟ ದುಡ್ಡು ಇದು.

ಆ 96 ಕಡ್ಡಿಯ ಟೈಮರ್ ಅನ್ನು ಬಿಸಾಕಲಿಲ್ಲ. ಈಗ ಕೂಲರ್‌ಗೆ ಹಾಕಿದ್ದೇವೆ, ಬೆಳಗಿನ ಜಾವ ನಾಲ್ಕಕ್ಕೆ ನಿಲ್ಲಿಸುತ್ತದೆ. ಕರೆಂಟು ಹೋಗಿ ಅದು ಐದಾದರೆ ಅವ್ವ ಇನ್ನೊಂದು ಹೊದಿಕೆ ಎಳೆದುಕೊಳ್ಳುತ್ತಾಳೆ.