ಹದಿನಾಲ್ಕು ತಿಂಗಳು ಬಳಸಿದ 750 ರೂಪಾಯಿ ಕುಕ್ಕರ್

ಮೊದಲೇ ಹೇಳಿಬಿಡುತ್ತೇನೆ, ಈ ಕುಕ್ಕರ್ ನನಗೆ ತುಂಬಾ ಇಷ್ಟವಾಗಿತ್ತು. ಚಿಕ್ಕಬಳ್ಳಾಪುರದ ಸಂತೆಯಲ್ಲಿ ತಂದದ್ದು, ಐದು ಲೀಟರ್. ಹೆಸರು ನೋಡಿದರೆ ದೊಡ್ಡ ಕಂಪನಿಯದ್ದೇ ಅನ್ನಿಸುತ್ತದೆ. ಓದಿದರೆ ಒಂದು ಅಕ್ಷರ ಬೇರೆ. ಡೂಪ್ಲಿಕೇಟ್ ಅಂತ ಗೊತ್ತಿದ್ದೇ ತಂದೆ. ಒರಿಜಿನಲ್‌ಗೆ ಎರಡು ಸಾವಿರದ ಮೇಲಾಗುತ್ತಿತ್ತು, ಬೇಳೆ ಬೆಂದರೆ ಸಾಕಿತ್ತು.

ಬೇಳೆ ಚೆನ್ನಾಗಿಯೇ ಬೇಯುತ್ತಿತ್ತು. ಹಗುರ ಬೇರೆ, ಒಂದೇ ಕೈಯಲ್ಲಿ ಇಳಿಸಬಹುದಿತ್ತು. ಬೆಳಗ್ಗೆ ಆರಕ್ಕೆ ತೊಗರಿಬೇಳೆ, ಟೊಮೆಟೊ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿಟ್ಟು ಬಾಗಿಲಿಗೆ ಹೋಗುತ್ತಿದ್ದೆ. ನೀರು ಹಾಕಿ ರಂಗೋಲಿ ಮುಗಿಸುವಷ್ಟರಲ್ಲಿ ಮೂರು ಕೂಗು. ಆ ಕೂಗಿಗೇ ಮಗಳು ಏಳುತ್ತಿದ್ದಳು. ಆರು ತಿಂಗಳಿಗೆ ಗ್ಯಾಸ್ಕೆಟ್ ಸಡಿಲವಾಯಿತು, ಬದಲಾಯಿಸಿದೆ. ಮತ್ತೆ ಮೂರು ತಿಂಗಳಿಗೆ ಇನ್ನೊಂದು. ತಳ ಉಬ್ಬಿ ಒಲೆ ಮೇಲೆ ಅಲ್ಲಾಡತೊಡಗಿತು. ಅದನ್ನೂ ಸಹಿಸಿಕೊಂಡೆ.

ಸಂಕ್ರಾಂತಿಯ ಹಿಂದಿನ ವಾರ ಅವರೆಕಾಳು ಬೇಯಲು ಇಟ್ಟಿದ್ದೆ. ಒಂದು ಕೂಗು ಬಂತು, ಆಮೇಲೆ ಸದ್ದೇ ಇಲ್ಲ. ಹತ್ತಿರ ಹೋದರೆ ಹಿಡಿ ಸಣ್ಣಗೆ ನಡುಗುತ್ತಿತ್ತು. ಗ್ಯಾಸ್ ಆರಿಸಿ ಮಗಳನ್ನು ಎಳೆದುಕೊಂಡು ಹೊರಗೆ ಬಂದೆ. ತಣ್ಣಗಾದ ಮೇಲೆ ನೋಡಿದರೆ ಅವರೆ ಸಿಪ್ಪೆಯೊಂದು ವಿಸಲ್ ತೂತಿಗೆ ಸಿಕ್ಕಿಕೊಂಡಿತ್ತು.

ಸಿಪ್ಪೆ ಯಾವ ಕುಕ್ಕರ್‌ನಲ್ಲೂ ಸಿಕ್ಕಿಕೊಳ್ಳಬಹುದು. ಅದಕ್ಕೇ ತಾನೇ ಸೇಫ್ಟಿ ವಾಲ್ವ್ ಇರುವುದು? ಶಾಖ ಮಿತಿ ಮೀರಿದರೆ ಅದರೊಳಗಿನ ಲೋಹ ಕರಗಿ ಹಬೆಗೆ ದಾರಿ ಬಿಡಬೇಕು. ಬಿ.ಬಿ. ರಸ್ತೆಯ ರಿಪೇರಿಯವರು ವಾಲ್ವ್ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದರು. ಪೂರಾ ಗಟ್ಟಿ ಹಿತ್ತಾಳೆ. ಸೂಜಿ ತೂರುವಷ್ಟೂ ತೂತಿಲ್ಲ. "ವಾಲ್ವ್ ಜಾಗಕ್ಕೆ ಬೋಲ್ಟ್ ಹಾಕವ್ರೆ ಅಕ್ಕ" ಅಂದರು. ಹದಿನಾಲ್ಕು ತಿಂಗಳು ಅದರ ಪಕ್ಕದಲ್ಲೇ ನಿಂತು ಮುದ್ದೆ ತಿರುವಿದ್ದೇನೆ. ಮಗಳು ಅಲ್ಲೇ ಕೂತು ಹೋಂವರ್ಕ್ ಮಾಡಿದ್ದಾಳೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೋಸ ಮಾಡುವವರು ಬೇಕಾದರೆ ಹೆಸರು ಕದಿಯಲಿ. ವಾಲ್ವ್ ಯಾಕೆ ಸುಳ್ಳು ಮಾಡಬೇಕು?

ಡಬ್ಬದ ಮೇಲೆ ಐಎಸ್‌ಐ ಗುರುತೂ ಇತ್ತು. ಅಸಲಿ ಗುರುತಿನ ಮೇಲ್ಗಡೆ ಐಎಸ್ 2347 ಅಂತ ಕುಕ್ಕರ್‌ನ ಗುಣಮಟ್ಟದ ನಂಬರ್, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ನನ್ನದರಲ್ಲಿ ಬರೀ ಗುರುತು. 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರ್‌ಗೆ ಐಎಸ್‌ಐ ಕಡ್ಡಾಯ. ಆನ್‌ಲೈನ್‌ನಲ್ಲಿ ಕೊಂಡರೂ ನೋಡಿಕೊಳ್ಳಿ. ಈ ಗುಣಮಟ್ಟವಿಲ್ಲದ ಕುಕ್ಕರ್ ಮಾರಿದ್ದಕ್ಕೆ 2022ರಲ್ಲಿ ದೊಡ್ಡ ಆನ್‌ಲೈನ್ ಮಳಿಗೆಗಳಿಗೇ ತಲಾ 1 ಲಕ್ಷ ರೂಪಾಯಿ ದಂಡ ಬಿದ್ದಿದೆ. ದೂರು ಕೊಡೋಣ ಅಂದರೆ ನನ್ನ ಹತ್ತಿರ ಬಿಲ್ಲೇ ಇಲ್ಲ.

ಸಂಘದಲ್ಲಿ ಸಾಲ ತೆಗೆದು ಹೊಸದು ತಂದೆ. ಅಂಗಡಿಯಲ್ಲೇ ನಿಂತು, ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಲೈಸೆನ್ಸ್ ನಂಬರ್ ಹಾಕಿ, ಕಂಪನಿ ಹೆಸರು ಬಂದ ಮೇಲೇ ದುಡ್ಡು ಕೊಟ್ಟೆ. ಇದು ಭಾರ ಜಾಸ್ತಿ, ಕೂಗುವುದೂ ಸ್ವಲ್ಪ ತಡ. ಇರಲಿ.

ಹಳೇ ಪಾತ್ರೆಯಲ್ಲಿ ಈಗ ಕಾಳು ನೆನೆಸುತ್ತೇನೆ. ಮುಚ್ಚಳವನ್ನು ಹಾಗೇ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಯಾರಾದರೂ ತೊಳೆದು ಮತ್ತೆ ಮಾರಿದರೆ? ರಿಪೇರಿಯವರ ಹತ್ತಿರ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿಸಿಯೇ ಹಾಕಿದೆ.