ಮಡಿಕೇರಿಯ ಮಳೆಗಾಲಕ್ಕೆ 30 ನಾರಿನ ಬಾರ್‌ಗಳು

ಮಡಿಕೇರಿಯಲ್ಲಿ ಮಳೆ ಹಿಡಿಯಿತೆಂದರೆ ಬೆಳಗಿನ ನಡಿಗೆ ನಿಂತುಹೋಗುತ್ತದೆ, ಸಂಜೆಯ ಕಾಫಿಗೆ ಬೇಕರಿಯ ಎಗ್ ಪಫ್ ಜೊತೆಯಾಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ನನ್ನ ತೂಕ ಎರಡು ಕಿಲೋ ಏರಿರುತ್ತದೆ. ಈ ಸಲ ಅದನ್ನು ತಡೆಯುವ ಆಸೆಯಿಂದ, ‘ಹೈ ಫೈಬರ್’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಚಾಕೊಲೇಟ್ ರುಚಿಯ ಬಾರ್‌ಗಳನ್ನು ಇಲ್ಲಿನ ಸೂಪರ್ ಮಾರ್ಕೆಟ್ಟಿನಿಂದ ತಂದು, ದಿನಕ್ಕೊಂದರಂತೆ ಒಂದು ತಿಂಗಳು ತಿಂದೆ. ಒಂದಕ್ಕೆ 60 ರೂಪಾಯಿಯಂತೆ 30 ಬಾರ್‌ಗಳಿಗೆ 1,800 ರೂಪಾಯಿ ಖರ್ಚಾಯಿತು.

ರುಚಿಯ ಬಗ್ಗೆ ದೂರಿಲ್ಲ. ಇಲ್ಲಿನ ಥಂಡಿಗೆ ಬಾರ್ ಎಷ್ಟು ಗಟ್ಟಿಯಾಗುತ್ತಿತ್ತೆಂದರೆ, ಕಾಫಿ ಲೋಟದ ಪಕ್ಕದಲ್ಲಿ ಐದು ನಿಮಿಷ ಇಟ್ಟ ಮೇಲಷ್ಟೇ ಹಲ್ಲಿಗೆ ಬಗ್ಗುತ್ತಿತ್ತು. ಅಗಿಯಲು ಹೊತ್ತು ಹಿಡಿಯುವುದರಿಂದ ಎರಡನೆಯದಕ್ಕೆ ಕೈ ಹೋಗುವುದಿಲ್ಲ. ಇದನ್ನು ಗುಣವೆಂದೇ ಬರೆದುಕೊಳ್ಳುತ್ತೇನೆ.

ಹೊದಿಕೆಯ ಹಿಂಬದಿಯ ಪ್ರಕಾರ 40 ಗ್ರಾಂ ತೂಕದ ಬಾರ್‌ನಲ್ಲಿ 150 ಕಿಲೋಕ್ಯಾಲರಿ, 8 ಗ್ರಾಂ ನಾರು ಮತ್ತು 9 ಗ್ರಾಂ ಸಕ್ಕರೆ ಇವೆ. ವಯಸ್ಕರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕೆಂಬ ಲೆಕ್ಕದಲ್ಲಿ ಇದು ಕಾಲು ಭಾಗಕ್ಕಿಂತ ಹೆಚ್ಚೇ ಆಯಿತು. ಎಲ್ಲ ಬಾರ್‌ಗಳೂ ಹೀಗಿರುತ್ತವೆಂದು ನಂಬಬೇಕಿಲ್ಲ. ನೂರು ಗ್ರಾಂಗೆ 6 ಗ್ರಾಂ ನಾರಿದ್ದರೆ ‘ಹೈ ಫೈಬರ್’ ಎಂದು ಹೇಳಿಕೊಳ್ಳಲು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಅವಕಾಶ ಕೊಡುತ್ತದೆ. ಅಂದರೆ 40 ಗ್ರಾಂನ ಬಾರ್‌ನಲ್ಲಿ ಬರೀ 2.4 ಗ್ರಾಂ ಇದ್ದರೂ ಸಾಕು.

ನನಗೆ ನಗು ತರಿಸಿದ್ದು ಆ ನಾರಿನ ಮೂಲ. ಖರ್ಜೂರ ಮತ್ತು ಗ್ಲೂಕೋಸ್ ಸಿರಪ್ಪಿನ ನಂತರ ಮೂರನೆಯ ಹೆಸರೇ ಚಿಕೋರಿ ಬೇರಿನ ನಾರು. ಚಿಕೋರಿ ಬೆರೆತ ಕಾಫಿ ಪುಡಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ತೋಟದವನು ನಾನು. ಅದೇ ಬೇರನ್ನು ಚಾಕೊಲೇಟಿನಲ್ಲಿ ಸುತ್ತಿಕೊಟ್ಟಾಗ 60 ರೂಪಾಯಿ ಎಣಿಸಿ ಕೊಟ್ಟೆನಲ್ಲ ಎಂದು ಮನೆಯವಳು ಇಂದಿಗೂ ಆಡಿಕೊಳ್ಳುತ್ತಾಳೆ. ಇನುಲಿನ್ ಎಂಬ ಈ ನಾರು ನೀರಿನಲ್ಲಿ ಕರಗುತ್ತದೆಯಾದರೂ ಇಸಬ್‌ಗೋಲಿನಂತೆ ಅಥವಾ ಓಟ್ಸ್‌ನ ಗಂಜಿಯಂತೆ ಲೋಳೆಯಾಗಿ ದಪ್ಪಗಾಗುವುದಿಲ್ಲ. ಆ ಲೋಳೆಯೇ ಜಠರ ಖಾಲಿಯಾಗುವುದನ್ನು ನಿಧಾನಿಸಿ ಹಸಿವನ್ನು ಮುಂದೂಡುವಂಥದ್ದು. ಇನುಲಿನ್ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗುತ್ತದೆ, ಅದರಿಂದ ಗಾಳಿ ಹುಟ್ಟುತ್ತದೆ. ಮೊದಲ ವಾರ ಹೊಟ್ಟೆಯುಬ್ಬರದಿಂದ ರಾತ್ರಿ ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು. ಮಳೆ ಚಳಿಯಲ್ಲಿ ಬಾಯಾರಿಕೆಯೇ ಆಗದ ಕಾರಣ ನೀರನ್ನೂ ಸಾಕಷ್ಟು ಕುಡಿದಿರಲಿಲ್ಲ, ಮಲಬದ್ಧತೆಯೂ ಕಾಣಿಸಿಕೊಂಡಿತು. ಬಿಸಿನೀರಿನ ಫ್ಲಾಸ್ಕನ್ನು ಮೇಜಿನ ಮೇಲಿಟ್ಟುಕೊಂಡ ಮೇಲೆ ಎಲ್ಲವೂ ತಹಬಂದಿಗೆ ಬಂತು.

ಇನ್ನು ತೂಕದ ವಿಚಾರ. ಮೊದಲ ಹತ್ತು ದಿನ ನಾನು ಬಾರ್ ಅನ್ನೂ ತಿಂದೆ, ಪಫ್ ಅನ್ನೂ ಬಿಡಲಿಲ್ಲ; ಅಂದರೆ 1,500 ಕಿಲೋಕ್ಯಾಲರಿಯನ್ನು ಹೆಚ್ಚುವರಿಯಾಗಿ ಒಳಗೆ ಹಾಕಿಕೊಂಡೆ. ಉಳಿದ 20 ದಿನ ಪಫ್ ಬದಲಿಗೆ ಬಾರ್ ತಿಂದದ್ದರಿಂದ ದಿನಕ್ಕೆ 100ರಷ್ಟು ಉಳಿದಿರಬಹುದು, ಒಟ್ಟು 2,000. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕಿಲೋಕ್ಯಾಲರಿ ಕಡಿಮೆಯಾಗಬೇಕು ಎಂದ ಮೇಲೆ ಈ 500ರ ಉಳಿತಾಯ ಯಾವ ಲೆಕ್ಕ? ತಿಂಗಳ ಕೊನೆಯಲ್ಲಿ ತೂಕದ ಯಂತ್ರ 400 ಗ್ರಾಂ ಇಳಿಕೆ ತೋರಿಸಿತು ನಿಜ, ಆದರೆ ಅದೇ ಯಂತ್ರ ಬೆಳಗಿಗೂ ರಾತ್ರಿಗೂ ಒಂದು ಕಿಲೋ ಆಚೀಚೆ ಓಡಾಡುತ್ತದೆ. ಬಾರ್ ತೂಕ ಇಳಿಸಲಿಲ್ಲ. ಪಫ್ ಬಿಟ್ಟ ದಿನಗಳಲ್ಲಿ ತೂಕ ಏರಲಿಲ್ಲ, ಅಷ್ಟೇ.

ಕಡಂಬಿಟ್ಟು, ನೂಪುಟ್ಟು, ಅಕ್ಕಿರೊಟ್ಟಿ ಎಂದು ಮೂರು ಹೊತ್ತೂ ಅಕ್ಕಿಯನ್ನೇ ನೆಚ್ಚಿಕೊಂಡ ನಮ್ಮ ಊಟಕ್ಕೆ ನಾರಿನ ಕೊರತೆ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹಿತ್ತಿಲಿನ ಪೇರಳೆ ಹಣ್ಣು ನೂರು ಗ್ರಾಂ ತಿಂದರೆ 70 ಕಿಲೋಕ್ಯಾಲರಿಯ ಆಸುಪಾಸಿನಲ್ಲೇ 5 ಗ್ರಾಂಗೆ ಕಡಿಮೆಯಿಲ್ಲದ ನಾರು ಸಿಗುತ್ತದೆ, ಗ್ಲೂಕೋಸ್ ಸಿರಪ್ಪಿನ ಹಂಗಿಲ್ಲದೆ.

ಆದರೂ ಆರು ಬಾರ್‌ಗಳ ಇನ್ನೊಂದು ಡಬ್ಬಿಯನ್ನು ತಂದು ಜೀಪಿನಲ್ಲಿ ಇಟ್ಟಿದ್ದೇನೆ. ಕಾಫಿ ಕುಯ್ಲು ಶುರುವಾದ ಮೇಲೆ ಮಧ್ಯಾಹ್ನದ ಊಟ ಮೂರು ಗಂಟೆಗೆ ಜಾರುವ ದಿನಗಳಲ್ಲಿ, ದಾರಿಯಲ್ಲಿ ಸಿಗುವ ಬೋಂಡಕ್ಕಿಂತ ಇದು ವಾಸಿ.