ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ: ಪಿಂಚಣಿ ಇಲ್ಲದವರ ಕಣ್ಣಲ್ಲಿ

ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ನನಗೆ ಸರ್ಕಾರಿ ಪಿಂಚಣಿ ಇಲ್ಲ. ಇಪಿಎಸ್‌ನಿಂದ, ಅಂದರೆ ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆಯಿಂದ, ಬರುವ ಹಣ ಇಬ್ಬರ ಔಷಧಿಗೂ ಸಾಲದು. ದಾವಣಗೆರೆಯಲ್ಲಿ ನಮ್ಮ ಮನೆಯವರು ನಡೆಸುತ್ತಿದ್ದ ಪುಸ್ತಕದ ಅಂಗಡಿಯನ್ನೂ ಮುಚ್ಚಿದ್ದೇವೆ. ಹಾಗಾಗಿ ಪಿಎಫ್, ಗ್ರಾಚ್ಯುಟಿ, ಕೂಡಿಟ್ಟದ್ದು ಎಲ್ಲದರಲ್ಲಿ 20 ಲಕ್ಷ ರೂಪಾಯಿಯನ್ನು 2025ರಲ್ಲಿ ಈ ಯೋಜನೆಯಲ್ಲಿ ಇಟ್ಟೆ.

ಬಡ್ಡಿ 8.2%. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ, ಆದರೆ ನಾವು ಖಾತೆ ತೆರೆದ ದಿನದ ದರವೇ ಐದು ವರ್ಷ ಇರುತ್ತದೆ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಮೊದಲ ದಿನ 41,000 ರೂಪಾಯಿ ನಮ್ಮ ಉಳಿತಾಯ ಖಾತೆಗೆ ಬರುತ್ತದೆ. ಸಂಬಳ ನಿಂತ ಮನೆಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಅಂದರೆ, ಮಕ್ಕಳ ಹತ್ತಿರ ದಿನಸಿಗೆ ಕೇಳುವ ಯೋಚನೆಯೇ ಬರುವುದಿಲ್ಲ. ಈ ಹಣವನ್ನು ಖಾತೆಯಲ್ಲೇ ಬಿಟ್ಟರೆ ಮಾತ್ರ ಸಿಗುವುದು ಮಾಮೂಲಿ ಉಳಿತಾಯ ಖಾತೆಯ 4% ಅಷ್ಟೆ. ಬಡ್ಡಿಗೆ ಬಡ್ಡಿ ಸೇರಿ ಬೆಳೆಯುವ ಯೋಜನೆ ಇದಲ್ಲ.

ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ಕ್ಕೆ ಮೊದಲು ಈ ಮಿತಿ 15 ಲಕ್ಷ ಇತ್ತು. 60 ತುಂಬಿರಬೇಕು. ನನ್ನ ತಮ್ಮನ ಹಾಗೆ 58ಕ್ಕೇ ನಿವೃತ್ತರಾದವರಿಗೂ ಅವಕಾಶವಿದೆ. ಆದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ತೆರೆಯಬೇಕು, ಆ ಹಣಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ.

ಇದೇ ಹಣಕ್ಕೆ ಒಂದು ಬ್ಯಾಂಕಿನಲ್ಲಿ ನನಗೆ ಇನ್ಶೂರೆನ್ಸ್ ಪಾಲಿಸಿ ಮಾರಲು ಬಹಳ ಒತ್ತಾಯ ಮಾಡಿದರು. ಅರವತ್ತು ದಾಟಿದವರ ಕೂಡಿಟ್ಟ ದುಡ್ಡಿನ ವಿಷಯದಲ್ಲಿ ಹೀಗೆ ಮಾಡುವುದು ತಪ್ಪು, ಅಲ್ವಾ? ಅಂಚೆ ಕಚೇರಿಯಲ್ಲಿ ಅಂಥದ್ದೇನೂ ಆಗಲಿಲ್ಲ. ಸರ್ವರ್ ಕೈಕೊಟ್ಟು ಅರ್ಧ ದಿನ ಕಾಯಬೇಕಾಯಿತು, ನಿಜ. ಕೌಂಟರಿನಲ್ಲಿದ್ದ ಹುಡುಗಿ ಮಾತ್ರ ಅರ್ಜಿಯ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದಳು. ಆಧಾರ್, ಪ್ಯಾನ್, ಫೋಟೋ, ಚೆಕ್ ಇಟ್ಟುಕೊಂಡು ಹೋಗಿ.

ಖಾತೆಯನ್ನು ಜಂಟಿಯಾಗಿ ತೆರೆದೆವು. ಜಂಟಿ ಅಂದರೆ ಗಂಡ ಹೆಂಡತಿ ಮಾತ್ರ, ಮಕ್ಕಳನ್ನು ಸೇರಿಸಲು ಆಗುವುದಿಲ್ಲ. ನಾಳೆ ನಾನಿಲ್ಲದಿದ್ದರೂ ನಮ್ಮವರು ಖಾತೆಯನ್ನು ಮುಂದುವರಿಸಬಹುದು. ನಾಮಿನಿಯಾಗಿ ಮಗಳ ಹೆಸರು ಬರೆಸಿದ್ದೇವೆ. ನಾಮಿನಿ ಆದ ಮಾತ್ರಕ್ಕೆ ದುಡ್ಡು ಅವಳದ್ದೇ ಆಗಿಬಿಡುವುದಿಲ್ಲ. ಅವಳು ಪಡೆದುಕೊಳ್ಳುವವಳು, ಹಕ್ಕು ವಾರಸುದಾರರದ್ದು. ಅಣ್ಣ ತಂಗಿ ನಡುವೆ ಮುಂದೆ ಮನಸ್ತಾಪ ಬರಬಾರದು ಅಂತ ಇಬ್ಬರೂ ಉಯಿಲು ಬರೆದಿಟ್ಟೆವು. ಅದಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿದೆವು. ಮನೆಯಲ್ಲಿ ಇಂಥ ಮಾತು ಎತ್ತಿದರೆ ಅಪಶಕುನ ಅನ್ನುವವರಿದ್ದಾರೆ. ದಯವಿಟ್ಟು ಎತ್ತಿ.

ಇನ್ನು ಕೊರತೆಗಳು. ಬಡ್ಡಿ ಪೂರ್ತಿ ತೆರಿಗೆಗೆ ಸೇರುತ್ತದೆ. ವರ್ಷದ ಬಡ್ಡಿ ಒಂದು ಲಕ್ಷ ದಾಟಿದರೆ ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ನನಗೆ ತೆರಿಗೆ ಬರುವುದಿಲ್ಲವಾದ್ದರಿಂದ ಅದನ್ನು ಹಿಡಿಯಬೇಡಿ ಅನ್ನುವ ಫಾರಂ (ಮೊದಲು ಇದು 15ಎಚ್ ಆಗಿತ್ತು) ಏಪ್ರಿಲ್‌ನಲ್ಲೇ ಕೊಡುತ್ತೇನೆ. ಐದು ವರ್ಷ ಅದೇ 41,000. ಬೆಲೆಗಳು ಮಾತ್ರ ಏರುತ್ತವೆ. ನಡುವೆ ಹಣ ತೆಗೆಯುವುದೂ ಕಷ್ಟ. ವರ್ಷದೊಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೂ ಅಸಲಿನಿಂದ ಮುರಿದುಕೊಳ್ಳುತ್ತಾರೆ. ಎರಡು ವರ್ಷದೊಳಗಾದರೆ ಅಸಲಿನ 1.5%, ಆಮೇಲೆ 1% ಕಡಿತ. ನನ್ನ ಮೊತ್ತಕ್ಕೆ ಅದು 30,000 ಇಲ್ಲವೇ 20,000 ರೂಪಾಯಿ. ಅದಕ್ಕೇ ಆಸ್ಪತ್ರೆ ಖರ್ಚಿಗೆ ಅಂತ ನಾಲ್ಕು ಲಕ್ಷವನ್ನು ಬೇರೆ ಎಫ್‌ಡಿಯಲ್ಲಿ ಇಟ್ಟಿದ್ದೇನೆ.

2030ಕ್ಕೆ ಅವಧಿ ಮುಗಿದ ಮೇಲೆ ಇನ್ನೂ ಮೂರು ವರ್ಷ ಮುಂದುವರಿಸಬಹುದು. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಬಡ್ಡಿ ಅವಧಿ ಮುಗಿದ ದಿನದ ದರದ್ದು.